ದಿನಕ್ಕೆ ನಾಲ್ಕು ಸೆಕೆಂಡಿನ ಒಳಗೆ: ಹಳೆಯ ಜನತಾ ಗಡಿಯಾರದೊಂದಿಗೆ ನನ್ನ ಅನುಭವ

ಕಳೆದ 35 ದಿನಗಳಲ್ಲಿ ನನ್ನ ಎಚ್‌ಎಂಟಿ ಜನತಾ ಕೈಗಡಿಯಾರವು ಯಾವ ದಿನವೂ ನಾಲ್ಕು ಸೆಕೆಂಡಿಗಿಂತ ಹೆಚ್ಚು ಮುಂದೆ ಓಡಲಿಲ್ಲ, ಹಿಂದೆಯೂ ಬೀಳಲಿಲ್ಲ. ಈ ಅವಧಿಯ ಕೊನೆಗೆ ಒಟ್ಟು ಉಳಿದ ವ್ಯತ್ಯಾಸ 11 ಸೆಕೆಂಡ್. ಕೀಲಿ ಕೊಟ್ಟು ನಡೆಸುವ, 17 ಜ್ಯುವೆಲ್‌ನ (ಚಕ್ರಗಳ ಅಚ್ಚುಗಳ ಸವೆತ ತಡೆಯುವ ಪುಟ್ಟ ಕಲ್ಲುಗಳು), ಗಂಟೆಗೆ 18,000 ಬಡಿತದ ಹಳೆಯ ಯಂತ್ರವೊಂದರಿಂದ ಇದು ಸಾಧ್ಯವಾಗದು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮೂರು ದಶಕಗಳಿಂದ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರು, ಇಂಥ ಗಡಿಯಾರಕ್ಕೆ ದಿನಕ್ಕೆ ಅರ್ಧ ನಿಮಿಷ ಹೆಚ್ಚುಕಡಿಮೆ ಸಹಜವೆಂದೂ ಅದಕ್ಕಿಂತ ಮುಂದಕ್ಕೆ ಹೋಗುವುದು ವ್ಯರ್ಥ ಶ್ರಮವೆಂದೂ ಹೇಳಿ, ವೇಗ ಹೊಂದಿಸುವ ಪುಟ್ಟ ಸನ್ನೆಯಾದ ರೆಗ್ಯುಲೇಟರನ್ನು ಮುಟ್ಟದಂತೆ ಸಲಹೆ ನೀಡಿದ್ದರು. ಹವ್ಯಾಸಿ ಗೆಳೆಯರು, ಸೆಕೆಂಡಿನ ಲೆಕ್ಕ ಬೇಕಾದರೆ ಬ್ಯಾಟರಿಯಿಂದ ನಡೆಯುವ, ಸಾವಿರ ರೂಪಾಯಿಯ ಕ್ವಾರ್ಟ್ಜ್ ಗಡಿಯಾರ ಕಟ್ಟಿಕೊಳ್ಳಬೇಕೆಂದರು. ಹೀಗೆ ಹೇಳಿದ ಎಲ್ಲರಿಗೂ ನನ್ನ ದಿನಚರಿಯ ಪುಟಗಳನ್ನು ತೋರಿಸಿಯಾದ ಮೇಲೆ ಈ ಬರಹವನ್ನು ಬರೆಯುತ್ತಿದ್ದೇನೆ.

ನಾಲ್ಕು ಸೆಕೆಂಡ್ ಎಂದರೆ ಎಷ್ಟು ಸಣ್ಣದು ಎಂಬುದನ್ನು ಬಡಿತಗಳಲ್ಲಿ ಎಣಿಸಿದಾಗಲೇ ನನಗೂ ಸರಿಯಾಗಿ ತಿಳಿಯಿತು. ಸೆಕೆಂಡಿಗೆ 5 ಬಡಿತದಂತೆ ಈ ಗಡಿಯಾರ ದಿನಕ್ಕೆ 4,32,000 ಬಾರಿ ಬಡಿಯುತ್ತದೆ. ಅದರಲ್ಲಿ ತಪ್ಪಬಹುದಾದದ್ದು ಕೇವಲ 20 ಬಡಿತ. ಅತಿ ನಿಖರ ಗಡಿಯಾರಗಳನ್ನು ಗುರುತಿಸುವ ಸ್ವಿಸ್ ಕ್ರೋನೋಮೀಟರ್ ಪರೀಕ್ಷೆಯಲ್ಲಿ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ ಎಂಬ ಮಿತಿ ಇದೆ. ಆ ಪರೀಕ್ಷೆಯನ್ನು ಐದು ಭಂಗಿಗಳಲ್ಲಿ, ಮೂರು ಉಷ್ಣತೆಗಳಲ್ಲಿ, 15 ದಿನ ನಡೆಸುತ್ತಾರಾದ್ದರಿಂದ ನನ್ನದನ್ನು ಅದರ ಪಕ್ಕದಲ್ಲಿ ನಿಲ್ಲಿಸುವುದಿಲ್ಲ. ಆದರೆ ನನ್ನ ಮಣಿಕಟ್ಟಿನ ಮೇಲೆ, ನನ್ನ ದಿನಚರಿಗೆ, ಈ ಗಡಿಯಾರ ಅಷ್ಟೇ ನಂಬಿಕಸ್ತವಾಗಿದೆ ಎಂದು ಹೆಮ್ಮೆಯಿಂದ ಹೇಳಬಲ್ಲೆ.

ಆರಂಭ ಮಾತ್ರ ಸೋಲಿನಿಂದಲೇ ಆಯಿತು. ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ ಸುಮಾರು 900 ರೂಪಾಯಿ ಕೊಟ್ಟು ಕೊಂಡ ಮೊದಲ ಜನತಾ ಹೊಳೆಯುತ್ತಿತ್ತು, ಆ ಹೊಳಪೇ ನನ್ನನ್ನು ಮೋಸಗೊಳಿಸಿತು. ಮನೆಗೆ ತಂದು ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಹಿಡಿದು ನೋಡಿದಾಗ ಡಯಲಿನ ಮೇಲಿನ ದೇವನಾಗರಿ ಅಕ್ಷರಗಳು ದಪ್ಪವಾಗಿ ಹರಡಿಕೊಂಡಿದ್ದವು, ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ನೇರವಾಗಿ ಕೂರುತ್ತಿರಲಿಲ್ಲ. ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು ಮರುಮುದ್ರಿಸಿದ ಗಡಿಯಾರ ಅದು. ಎರಡನೆಯದನ್ನು ಒಬ್ಬ ಹಿರಿಯ ಸಂಗ್ರಾಹಕರಿಂದ ಸುಮಾರು 1,600 ರೂಪಾಯಿಗೆ ಕೊಂಡೆ. ಅದರ ಡಯಲಿನಲ್ಲಿ ಕಲೆಗಳಿದ್ದವು, ಗಾಜು ಮಬ್ಬಾಗಿತ್ತು, ಆದರೆ ಎಲ್ಲವೂ ಮೂಲದ್ದೇ. ಇಂದು ನನ್ನ ಕೈಯಲ್ಲಿರುವುದು ಈ ಎರಡನೆಯದು. ಕಲೆಯಿರುವ ಮೂಲ ಡಯಲನ್ನು ಹೊಳೆಯುವ ನಕಲಿ ಡಯಲಿಗಿಂತ ಮೇಲೆಂದು ಭಾವಿಸುವವನು ನಾನು, ಈ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಎರಡರೊಳಗೂ ಇದ್ದದ್ದು 0231 ಎಂಬ ಸಂಖ್ಯೆಯ ಒಂದೇ ಯಂತ್ರ. ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆಯನ್ನು ಆರಂಭಿಸಿದ ಎಚ್‌ಎಂಟಿಯು ಇದೇ ಯಂತ್ರವನ್ನು ಜನತಾ, ಪೈಲಟ್ ಮುಂತಾದ ಹಲವು ಮಾದರಿಗಳಲ್ಲಿ ಬಳಸಿತು. ಇದರಿಂದ ನಮ್ಮಂಥವರಿಗೆ ಒಂದು ದೊಡ್ಡ ಅನುಕೂಲವಾಗಿದೆ. ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆದ ಮೇಲೆ ಹೊಸ ಬಿಡಿಭಾಗಗಳು ತಯಾರಾಗುತ್ತಿಲ್ಲವಾದರೂ, ಒಂದು ಕೆಟ್ಟ ಗಡಿಯಾರದ ಒಳ್ಳೆಯ ಭಾಗ ಮತ್ತೊಂದಕ್ಕೆ ಸಲೀಸಾಗಿ ಹೊಂದುತ್ತದೆ. ಮರುಬಣ್ಣದ ಆ ಗಡಿಯಾರವನ್ನು ಹಿಂದಿರುಗಿಸದೆ ಇಟ್ಟುಕೊಂಡದ್ದು ಮುಂದೆ ನನ್ನನ್ನು ಕಾಪಾಡಿತು.

ಕಾಪಾಡಿದ್ದು ಹೀಗೆ. ಮೊದಲ ಸಲ ಪೂರ್ತಿ ಬಿಚ್ಚಿ ತೊಳೆಯುವಾಗ, ನ್ಯಾಫ್ತಾ ಎಂಬ ಪೆಟ್ರೋಲಿಯಂ ದ್ರಾವಕದಲ್ಲಿ ತೊಳೆದ ಭಾಗಗಳನ್ನೆಲ್ಲ ಕೊನೆಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒಣಗಿಸುವ ಕ್ರಮವನ್ನು ಅನುಸರಿಸುತ್ತಿದ್ದೆ. ಪ್ಯಾಲೆಟ್ ಫೋರ್ಕನ್ನೂ (ಚಕ್ರವನ್ನು ಒಂದೊಂದೇ ಹಲ್ಲಿನಂತೆ ಬಿಡುವ ಕವಲಿನಾಕಾರದ ಪುಟ್ಟ ಭಾಗ) ಅದೇ ಬಟ್ಟಲಿಗೆ ಹಾಕಿ ಊಟಕ್ಕೆ ಎದ್ದು ಹೋದೆ. ಫೋರ್ಕಿನ ಕಲ್ಲುಗಳನ್ನು ಹಿಡಿದಿಡುವುದು ಅರಗು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಹಿಂದಿರುಗಿ ನೋಡುವಷ್ಟರಲ್ಲಿ ಒಂದು ಕಲ್ಲು ಕಳಚಿ ಬಟ್ಟಲಿನ ತಳದಲ್ಲಿತ್ತು, ಇನ್ನೊಂದು ಅಲುಗಾಡುತ್ತಿತ್ತು. ಅರಗನ್ನು ಮತ್ತೆ ಬಿಸಿ ಮಾಡಿ ಕಲ್ಲನ್ನು ಅದರ ಸರಿಯಾದ ಆಳಕ್ಕೆ ಕೂರಿಸುವ ಪ್ರಯತ್ನದಲ್ಲಿ ಎರಡು ವಾರಗಳ ಸಂಜೆಗಳು ಕಳೆದವು. ಗಡಿಯಾರ ನಡೆಯಿತು, ಆದರೆ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಎಂಬ ಅತ್ತಿತ್ತ ತೂಗುವ ಚಕ್ರದ ತೂಗಾಟದ ಅಳತೆ) 190 ಡಿಗ್ರಿ ದಾಟಲಿಲ್ಲ. ಕೊನೆಗೆ ಮರುಬಣ್ಣದ ಗಡಿಯಾರದಿಂದ ಫೋರ್ಕನ್ನು ತೆಗೆದು ಇದಕ್ಕೆ ಹಾಕಿದ ದಿನವೇ ಅದು 250ರ ಮೇಲಕ್ಕೆ ಹೋಯಿತು. ಅಂದಿನಿಂದ ಫೋರ್ಕ್ ಮತ್ತು ಬ್ಯಾಲೆನ್ಸ್‌ಗಳಿಗೆ ನ್ಯಾಫ್ತಾವನ್ನಲ್ಲದೆ ಬೇರೇನನ್ನೂ ತಾಗಿಸಿಲ್ಲ.

ಎಣ್ಣೆಯ ವಿಷಯದಲ್ಲಿಯೂ ಹಣ ಕಳೆದುಕೊಂಡಿದ್ದೇನೆ. ಆರಂಭದಲ್ಲಿ 150 ರೂಪಾಯಿಗೆ ಸಿಕ್ಕ, ಹೆಸರಿಲ್ಲದ ಗಡಿಯಾರದ ಎಣ್ಣೆಯೊಂದನ್ನು ಎಲ್ಲ ಕಡೆಗೂ ಬಳಸಿದೆ. ಮೂರು ವಾರಗಳಲ್ಲಿ ಅದು ಜ್ಯುವೆಲ್‌ಗಳನ್ನು ಬಿಟ್ಟು ಬ್ರಿಜ್‌ನ (ಚಕ್ರಗಳನ್ನು ಹಿಡಿದಿಡುವ ತಗಡು) ಮೇಲೆಲ್ಲ ಹರಡಿ, ಗಡಿಯಾರ ಮೊದಲಿಗಿಂತ ಹೆಚ್ಚು ಹಿಂದೆ ಬೀಳತೊಡಗಿತು. ಮತ್ತೆ ಬಿಚ್ಚಿ, ತೊಳೆದು, ಗಡಿಯಾರಗಳಿಗೆಂದೇ ತಯಾರಾಗುವ ಮೋಬಿಯಸ್ 9010 ಮತ್ತು 9415 ಎಂಬ ಎಣ್ಣೆ-ಗ್ರೀಸ್‌ಗಳನ್ನು ತರಿಸಿದೆ. ಪುಟ್ಟ ಸೀಸೆಗಳಿಗೆ ಸೇರಿ ಐದು ಸಾವಿರದ ಆಸುಪಾಸು ಆಯಿತು, ಅಂದರೆ ಗಡಿಯಾರದ ಬೆಲೆಯ ಮೂರು ಪಟ್ಟು. ಆದರೂ ಒಂದು ಗಡಿಯಾರಕ್ಕೆ ಬೇಕಾಗುವುದು ಸೂಜಿಮೊನೆಯಷ್ಟು ಹನಿಗಳಾದ್ದರಿಂದ, ಆ ಸೀಸೆಗಳು ನಾನು ಮುಂದೆ ಬಿಚ್ಚುವ ಗಡಿಯಾರಗಳಿಗೆಲ್ಲ ಸಾಕಾಗುತ್ತವೆ. ಸ್ಕ್ರೂಡ್ರೈವರ್, ಟ್ವೀಜರ್, ರೋಡಿಕೊ (ಕೊಳೆ ಎತ್ತುವ ಮೆತ್ತನೆಯ ಅಂಟು), ಗಾಳಿಗುಂಡು, ಡಿಮ್ಯಾಗ್ನೆಟೈಸರ್ (ಅಯಸ್ಕಾಂತತೆ ತೆಗೆಯುವ ಸಾಧನ) ಎಲ್ಲವನ್ನೂ ಸೇರಿಸಿದರೆ ಈ ಸಾಹಸಕ್ಕೆ ನನಗೆ ತಗುಲಿದ್ದು ನೆನಪಿನ ಲೆಕ್ಕದಲ್ಲಿ ಹನ್ನೊಂದು ಸಾವಿರ ರೂಪಾಯಿ, ಎರಡು ಗಡಿಯಾರಗಳ ಬೆಲೆಯೂ ಅದರೊಳಗೇ.

ಬಡಿತದ ಸದ್ದು ಕೇಳಿ ಗಡಿಯಾರದ ವೇಗ ತೋರಿಸುವ ಟೈಮ್‌ಗ್ರಾಫರ್ ಯಂತ್ರವನ್ನು ಕೊಳ್ಳಲಿಲ್ಲ. ನಾನು ವಿಚಾರಿಸಿದ ಕಡೆಗಳಲ್ಲಿ ಹನ್ನೆರಡು ಸಾವಿರಕ್ಕಿಂತ ಕಡಿಮೆಗೆ ಒಳ್ಳೆಯದು ಸಿಗುತ್ತಿರಲಿಲ್ಲ, ಅಷ್ಟು ಹಣ ಹಾಕಲು ಮನಸ್ಸಾಗಲಿಲ್ಲ. ಬದಲಿಗೆ ಮೊಬೈಲಿನ ಮೈಕ್‌ನಲ್ಲಿ ಬಡಿತ ಅಳೆಯಲು ಹೋದರೆ ಫ್ಯಾನಿನ ಸದ್ದು, ಬೀದಿಯ ಸದ್ದು, ಫ್ರಿಜ್‌ನ ಸದ್ದು ಎಲ್ಲ ಸೇರಿ ಗೆರೆಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. ರಾತ್ರಿ ಎರಡು ಗಂಟೆಗೆ ಎದ್ದು ಅಳತೆ ಮಾಡಿದ್ದೂ ಉಂಟು. ಕೊನೆಗೆ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಪೀಜೋ ಬಿಲ್ಲೆಯೊಂದನ್ನು (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಬಿಲ್ಲೆ) ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಅಂಟಿಸಿ, ಚಿಕ್ಕದೊಂದು ಆಂಪ್ಲಿಫಯರ್ ಹಲಗೆಯ ಮೂಲಕ ಹಳೆಯ ಕಂಪ್ಯೂಟರಿನ ಮೈಕ್ ಕಿಂಡಿಗೆ ಜೋಡಿಸಿದೆ. ಕ್ಲಿಪ್ಪು ಗಡಿಯಾರದ ಕ್ರೌನನ್ನು (ಕೀಲಿ ಕೊಡುವ ಗುಂಡಿ) ಕಚ್ಚಿ ಹಿಡಿದರೆ ಬಡಿತದ ಕಂಪನ ನೇರವಾಗಿ ಬಿಲ್ಲೆಗೆ ಬರುತ್ತದೆ. ಒಟ್ಟು ಖರ್ಚು 200 ರೂಪಾಯಿಯೊಳಗೆ. ಗೆಳೆಯರೊಬ್ಬರ ದುಬಾರಿ ಯಂತ್ರದೊಂದಿಗೆ ಹೋಲಿಸಿದಾಗ ದಿನಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಅಂತರ ಕಾಣಲಿಲ್ಲ.

ಮಧ್ಯದಲ್ಲಿ ಒಂದು ವಾರ ನನ್ನನ್ನು ಬಹಳ ಕಾಡಿದ ಘಟನೆಯನ್ನೂ ಹೇಳಬೇಕು. ಚೆನ್ನಾಗಿ ನಡೆಯುತ್ತಿದ್ದ ಗಡಿಯಾರ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಮುಂದೆ ಓಡತೊಡಗಿತು. ಬ್ಯಾಲೆನ್ಸನ್ನು ತೂಗಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಗಿ ಸುರುಳಿಗಳು ಅಂಟಿಕೊಂಡಿವೆ ಎಂದು ಭಾವಿಸಿ ಬ್ಯಾಲೆನ್ಸನ್ನು ಎರಡು ಬಾರಿ ತೊಳೆದೆ, ಪ್ರಯೋಜನವಾಗಲಿಲ್ಲ. ಹಿಂದಿನ ರಾತ್ರಿ ಗಡಿಯಾರವನ್ನು ಸ್ಪೀಕರಿನ ಮೇಲೆ ಇಟ್ಟಿದ್ದೆ ಎಂಬುದು ಹೊಳೆದಾಗ ದಿಕ್ಸೂಚಿಯನ್ನು ಹತ್ತಿರ ತಂದು ನೋಡಿದೆ. ಮುಳ್ಳು ಸ್ಪಷ್ಟವಾಗಿ ತಿರುಗಿತು, ಅಂದರೆ ಸ್ಪೀಕರಿನ ಅಯಸ್ಕಾಂತದಿಂದ ಗಡಿಯಾರಕ್ಕೂ ಅಯಸ್ಕಾಂತತೆ ಹತ್ತಿತ್ತು. ಡಿಮ್ಯಾಗ್ನೆಟೈಸರಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಗಡಿಯಾರವನ್ನು ನಿಧಾನವಾಗಿ ಒಂದು ಮೊಳ ದೂರ ಎಳೆದ ಮೇಲೆ ಎಲ್ಲವೂ ಮೊದಲಿನಂತಾಯಿತು. ಈಗ ಯಾವ ಗಡಿಯಾರ ಬಂದರೂ ಮೊದಲು ದಿಕ್ಸೂಚಿ, ನಂತರ ಸ್ಕ್ರೂಡ್ರೈವರ್.

ಇಷ್ಟೆಲ್ಲ ಆದ ಮೇಲೆ ಡಯಲ್ ಮೇಲ್ಮುಖವಾಗಿರುವಾಗ ಆಂಪ್ಲಿಟ್ಯೂಡ್ 268, ಬೀಟ್ ಎರರ್ (ಟಿಕ್ ಮತ್ತು ಟಾಕ್‌ಗಳ ಅವಧಿಯ ಅಸಮತೆ) 0.4 ಮಿಲಿಸೆಕೆಂಡ್ ಬಂದಿತ್ತು. ಬ್ಯಾಲೆನ್ಸನ್ನು ಪೂರ್ತಿ ಇಳಿಸದೆಯೇ ಹೇರ್‌ಸ್ಪ್ರಿಂಗಿನ ಒಳತುದಿಯನ್ನು ಹಿಡಿದಿರುವ ಕಾಲೆಟ್ ಎಂಬ ಬಳೆಯನ್ನು ತಿರುಗಿಸಿ ಬೀಟ್ ಎರರನ್ನು ತಗ್ಗಿಸುವ ಉಪಾಯವೊಂದನ್ನು ನಾನು ರೂಢಿಸಿಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕೈಯಿಂದ ಕೈಗೆ ತೋರಿಸಬೇಕಾದ ವಿಷಯವದು. ರೆಗ್ಯುಲೇಟರನ್ನು ಕೂದಲೆಳೆಯಷ್ಟು ಸರಿಸಿ, ಡಯಲ್ ಮೇಲ್ಮುಖವಾಗಿರುವಾಗ ಕಂಪ್ಯೂಟರಿನ ಪರದೆಯ ಮೇಲೆ ಸರಿಯಾಗಿ ಸೊನ್ನೆ ಬರುವಂತೆ ಹೊಂದಿಸಿದೆ. ಗೆದ್ದೆನೆಂದು ಭಾವಿಸಿ ಕೈಗೆ ಕಟ್ಟಿಕೊಂಡೆ. ಒಂದು ವಾರದ ನಂತರ ಗಡಿಯಾರ ಸುಮಾರು ಒಂದು ನಿಮಿಷ ಹಿಂದೆ ಬಿದ್ದಿತ್ತು.

ಎಲ್ಲರೂ ಕೈಚೆಲ್ಲುವುದು ಈ ಹಂತದಲ್ಲೇ ಎಂದು ನನಗನ್ನಿಸುತ್ತದೆ. ರೆಗ್ಯುಲೇಟರನ್ನು ಮತ್ತೆ ಮತ್ತೆ ಸರಿಸುತ್ತಾರೆ, ಪರದೆಯ ಮೇಲೆ ಸೊನ್ನೆ ತರುತ್ತಾರೆ, ಕೈಯ ಮೇಲೆ ಮತ್ತೆ ತಪ್ಪುತ್ತದೆ. ನಾನು ರೆಗ್ಯುಲೇಟರನ್ನು ಹದಿನೈದು ದಿನ ಮುಟ್ಟದೆ, ದಿನಕ್ಕೆರಡು ಸಲ, ಬೆಳಿಗ್ಗೆ ಏಳಕ್ಕೆ ಮತ್ತು ರಾತ್ರಿ ಹತ್ತಕ್ಕೆ, ವ್ಯತ್ಯಾಸವನ್ನಷ್ಟೇ ಬರೆದಿಟ್ಟೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಕಾಯುವ ಭಾರತೀಯ ಪ್ರಮಾಣ ಸಮಯಕ್ಕೆ ಹೊಂದಿಸಿದ ಗಡಿಯಾರವನ್ನು ಪರದೆಯ ಮೇಲಿರಿಸಿಕೊಂಡು, ಜನತಾವನ್ನು ಅದರ ಪಕ್ಕದಲ್ಲಿ ಹಿಡಿದು ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ನಿಧಾನಗತಿಯ ವಿಡಿಯೊ ತೆಗೆಯುತ್ತಿದ್ದೆ. ಕಣ್ಣಂದಾಜಿಗಿಂತ ಇದು ಬಹಳ ನಿಖರ. ಪುಟಗಳನ್ನು ನೋಡಿದಾಗ ವಿಷಯ ಸ್ಪಷ್ಟವಾಯಿತು. ಕೈಯ ಮೇಲಿದ್ದ ಹದಿನೈದು ಗಂಟೆಗಳಲ್ಲಿ ಗಡಿಯಾರ ಪ್ರತಿದಿನ ಸುಮಾರು 8 ಸೆಕೆಂಡ್ ಕಳೆದುಕೊಳ್ಳುತ್ತಿತ್ತು, ಮೇಜಿನ ಮೇಲೆ ಮಲಗಿದ್ದ ಒಂಬತ್ತು ಗಂಟೆಗಳಲ್ಲಿ ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ. ದಿನವಿಡೀ ಕುಳಿತು ಬರೆಯುವ ನನ್ನ ಕೈ ಗಡಿಯಾರವನ್ನು ಹೆಚ್ಚು ಹೊತ್ತು ಓರೆಯಾಗಿ, ಕ್ರೌನ್ ಕೆಳಗಾಗಿ ಹಿಡಿದಿರುತ್ತದೆ, ಆ ಭಂಗಿಯಲ್ಲಿ ಆಂಪ್ಲಿಟ್ಯೂಡ್ 230ಕ್ಕೆ ಇಳಿದು ಗಡಿಯಾರ ನಿಧಾನವಾಗುತ್ತದೆ. ಕೈಯ ಮೇಲೆ ಆಗುವ ನಷ್ಟವೂ ಪ್ರತಿದಿನ ಹೆಚ್ಚುಕಡಿಮೆ ಒಂದೇ.

ಆದ್ದರಿಂದ ಪರದೆಯ ಸೊನ್ನೆಯನ್ನು ಬಿಟ್ಟುಬಿಟ್ಟೆ. ಡಯಲ್ ಮೇಲ್ಮುಖವಾಗಿರುವಾಗ ದಿನಕ್ಕೆ 8 ಸೆಕೆಂಡ್ ಮುಂದೆ ಓಡುವಂತೆ ಬೇಕೆಂದೇ ಹೊಂದಿಸಿದೆ. ಈಗ ಕೈಯ ಮೇಲೆ ಹದಿನೈದು ಗಂಟೆಗಳಲ್ಲಿ 3 ಸೆಕೆಂಡ್ ಹಿಂದೆ ಬೀಳುವ ಗಡಿಯಾರ, ರಾತ್ರಿ ಒಂಬತ್ತು ಗಂಟೆಗಳಲ್ಲಿ ಮಲಗಿಕೊಂಡೇ ಆ 3 ಸೆಕೆಂಡನ್ನು ತುಂಬಿಕೊಳ್ಳುತ್ತದೆ. ಯಾವುದೋ ವಾರ ನಾಲ್ಕಾರು ಸೆಕೆಂಡ್ ಮುಂದೆ ಹೋಗಿದ್ದರೆ ಒಂದು ರಾತ್ರಿ ಅದನ್ನು ಕ್ರೌನ್ ಮೇಲಾಗಿ ಗೋಡೆಗೆ ಒರಗಿಸಿ ನಿಲ್ಲಿಸುತ್ತೇನೆ. ಆ ಭಂಗಿಯಲ್ಲಿ ನನ್ನ ಗಡಿಯಾರ ರಾತ್ರಿಗೆ 5 ಸೆಕೆಂಡಿನಷ್ಟು ಹಿಂದೆ ಬೀಳುತ್ತದೆ. ಮುಚ್ಚಳ ತೆರೆಯುವ ಅಗತ್ಯವೇ ಇಲ್ಲ. ಈ ಅಂಕಿಗಳು ನನ್ನ ಗಡಿಯಾರಕ್ಕೂ ನನ್ನ ಕೈಗೂ ಸೇರಿದವು. ಓಡಾಟದ ಕೆಲಸ ಮಾಡುವವರಿಗೆ ಅಥವಾ ಬಲಗೈಗೆ ಕಟ್ಟುವವರಿಗೆ ಬೇರೆಯೇ ಬರುತ್ತವೆ, ಅವರವರ ಹದಿನೈದು ದಿನಗಳನ್ನು ಅವರವರೇ ಬರೆಯಬೇಕು.

ಕೀಲಿ ಕೊಡುವ ಹೊತ್ತಿನ ಬಗ್ಗೆಯೂ ಪ್ರಯೋಗ ಮಾಡಿದೆ. ಪೂರ್ತಿ ಕೀಲಿ ಕೊಟ್ಟರೆ ಇದು ಸುಮಾರು 42 ಗಂಟೆ ನಡೆಯುತ್ತದೆಯಾದರೂ, 24 ಗಂಟೆಗಳ ನಂತರ ಆಂಪ್ಲಿಟ್ಯೂಡ್ 30 ಡಿಗ್ರಿಯಷ್ಟು ಇಳಿದಿರುತ್ತದೆ. ಒಂದು ದಿನ ಬೆಳಿಗ್ಗೆ, ಮರುದಿನ ಮಧ್ಯಾಹ್ನ ಎಂದು ಮನಬಂದಂತೆ ಕೀಲಿ ಕೊಟ್ಟ ವಾರದಲ್ಲಿ ದಿನದಿನದ ವ್ಯತ್ಯಾಸ 9 ಸೆಕೆಂಡಿನವರೆಗೂ ಏರಿಳಿಯಿತು. ಬೆಳಿಗ್ಗೆ ಏಳಕ್ಕೆ, ಕೈಗೆ ಕಟ್ಟಿಕೊಳ್ಳುವ ಮೊದಲು ಎಂದು ನಿಯಮ ಮಾಡಿಕೊಂಡ ಮೇಲೆ ಅದು ನಿಂತಿತು. ಬೆರಳುಗಳ ನಡುವೆ ಕ್ರೌನ್ ತಿರುಗುವ ಆ ಅರ್ಧ ನಿಮಿಷ ಈಗ ನನಗೆ ದಿನದ ಅತ್ಯಂತ ಇಷ್ಟದ ಸಮಯ.

ಇದೇ ಹುಮ್ಮಸ್ಸಿನಲ್ಲಿ ಕ್ಯಾಸಿಯೊ ಎಫ್-91ಡಬ್ಲ್ಯು ಎಂಬ ಕ್ವಾರ್ಟ್ಜ್ ಗಡಿಯಾರವನ್ನೂ ಪರೀಕ್ಷಿಸಿದೆ. ತಿಂಗಳಿಗೆ 30 ಸೆಕೆಂಡ್ ಆಚೀಚೆ ಎಂದು ತಯಾರಕರು ಹೇಳುವ ಆ ಗಡಿಯಾರ ನನ್ನ ಕೈಯ ಮೇಲೆ ವಾರಕ್ಕೆ 2 ಸೆಕೆಂಡ್ ಮಾತ್ರ ಮುಂದೆ ಓಡುತ್ತಿತ್ತು. ಅದನ್ನು ಒಂದು ವಾರ ಫ್ರಿಜ್‌ನಲ್ಲಿ ಇಟ್ಟಾಗ ಸುಮಾರು 6 ಸೆಕೆಂಡ್ ಹಿಂದೆ ಬಿತ್ತು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಕ್ವಾರ್ಟ್ಜ್ ಹರಳು 25 ಡಿಗ್ರಿಯ ಆಸುಪಾಸಿನಲ್ಲಿ ಅತ್ಯಂತ ವೇಗವಾಗಿದ್ದು, ಅಲ್ಲಿಂದ ಎರಡೂ ಕಡೆಗೆ ನಿಧಾನವಾಗುತ್ತದೆ ಎಂಬುದನ್ನು ನನ್ನ ಅಡುಗೆಮನೆಯಲ್ಲೇ ಕಂಡಂತಾಯಿತು. ಜನತಾವನ್ನು ರಾತ್ರಿ ಕಿಟಕಿಯ ಬಳಿ ಇಟ್ಟರೂ ಕಪಾಟಿನೊಳಗೆ ಇಟ್ಟರೂ ಬಂದ ಅಂತರ ಒಂದು ಸೆಕೆಂಡಿನ ಆಸುಪಾಸು ಮಾತ್ರ; ಭಂಗಿಯ ಮುಂದೆ ಅದು ಗಣನೆಗೆ ಬಾರದು.

ರೆಗ್ಯುಲೇಟರನ್ನು ಮುಟ್ಟಬೇಡಿ ಎಂದಿದ್ದ ಹಿರಿಯರು ನನ್ನ ದಿನಚರಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ತಿರುವಿ ಹಾಕಿ, ಲೂಪ್ ಹಿಡಿದು ಯಂತ್ರವನ್ನು ಬಹಳ ಹೊತ್ತು ನೋಡಿ, ತಮ್ಮ ಮೇಜಿನ ಸೆಳೆಖಾನೆಯಿಂದ ಕಪ್ಪು ಡಯಲಿನ ಪೈಲಟ್ ಒಂದನ್ನು ತೆಗೆದು ನನ್ನ ಮುಂದಿಟ್ಟರು. ಅದು ದಿನಕ್ಕೆ 40 ಸೆಕೆಂಡ್ ಹಿಂದೆ ಬೀಳುತ್ತದೆಯಂತೆ. ನಿನ್ನೆ ಅದಕ್ಕೆ ದಿಕ್ಸೂಚಿ ಹಿಡಿದು ನೋಡಿಯಾಗಿದೆ, ಮುಳ್ಳು ಅಲುಗಲಿಲ್ಲ. ಈ ಭಾನುವಾರ ಬಿಚ್ಚುತ್ತೇನೆ.