ಬೋರ್‌ವೆಲ್ ಲಾರಿ ಕರೆಯುವ ಮೊದಲು ಗುಡ್ಡೆ ಹತ್ತಿ: ಊರಿನ ನೀರು ಉಳಿಸಿಕೊಳ್ಳುವ ದಾರಿ

ನಮ್ಮ ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಆದರೂ ಮಾರ್ಚ್ ಬಂತೆಂದರೆ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಕೊಡಪಾನ ಹಿಡಿದು ಓಡಾಟ ಶುರು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಗುಡ್ಡೆ ತೂತು ತೂತು ಅಲ್ವಾ, ಮಳೆ ನೀರು ಅದರೊಳಗೆ ನಿಧಾನವಾಗಿ ಇಳಿದು, ಅಡಿಯಲ್ಲಿ ಜೇಡಿ ಮಣ್ಣು ಸಿಕ್ಕಿದಲ್ಲಿ ನಿಂತು ಅಡ್ಡಕ್ಕೆ ಹರಿಯುತ್ತದೆ. ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ನಮ್ಮ ಸುರಂಗಕ್ಕೆ ಬರುವುದು ಆ ನೀರೇ. ಅಂದರೆ ಕೆಳಗಿನ ತೋಟದ ನೀರು ತಯಾರಾಗುವುದು ಗುಡ್ಡೆಯ ತಲೆಯಲ್ಲಿ.

ಮೊದಲು ಅಳತೆ ಮಾಡಿ. ಸುರಂಗದ ಬಾಯಲ್ಲಿ ಅಡಕೆ ಮರ ಸೀಳಿ ಮಾಡಿದ ದಂಬೆಯಿಂದ (ನೀರು ಹರಿಯುವ ದೋಣಿ) ನೀರು ಬೀಳುವಲ್ಲಿ ಕೊಡಪಾನ ಇಡಿ. ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಮೊಬೈಲಲ್ಲಿ ನೋಡಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಸಾಕು. ನಮ್ಮಲ್ಲಿ ಮೇಲಿನ ಗುಡ್ಡೆಗೆ ಜೆಸಿಬಿ ಬಂದು ಪೂರ್ತಿ ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡಿ ರಬ್ಬರ್ ಹಾಕಿದ ಮೂರನೇ ಬೇಸಗೆಗೆ, ನಲವತ್ತು ಸೆಕೆಂಡಿಗೆ ತುಂಬುತ್ತಿದ್ದ ಕೊಡಪಾನ ಎರಡು ನಿಮಿಷ ತೆಗೆದುಕೊಂಡಿತು. ಬರೆದಿಟ್ಟ ಕಾರಣ ಗ್ರಾಮಸಭೆಯಲ್ಲಿ ಎದ್ದು ಹೇಳಲು ಕೈಯಲ್ಲಿ ಲೆಕ್ಕ ಇತ್ತು. ಸುಮ್ನೆ "ನೀರು ಕಡಿಮೆಯಾಗಿದೆ" ಅಂದರೆ ಯಾರೂ ಕೇಳುವುದಿಲ್ಲ. ಅರ್ಜಿ ಕನ್ನಡದಲ್ಲೇ ಕೊಡಿ, ಅದು ನಮ್ಮ ಹಕ್ಕು.

ಆಮೇಲೆ ಜೋರು ಮಳೆಯಲ್ಲಿ ಕೊಡೆ ಹಿಡಿದು ಮೇಲೆ ನಡೆಯಿರಿ. ನೀರು ಎಲ್ಲಿ ಕೆಂಪಾಗಿ ರಭಸದಿಂದ ಓಡುತ್ತದೆ, ಎಲ್ಲಿ ಹುಲ್ಲಿನೊಳಗೆ ಮಾಯವಾಗುತ್ತದೆ ಅಂತ ನೋಡಿ. ಮಾಯವಾಗುವ ಜಾಗವನ್ನು ಮುಟ್ಟಲೇಬೇಡಿ, ಕಾಡುಪೊದೆ ಅಂತ ಕಡಿಯಬೇಡಿ. ಓಡುವ ಜಾಗದಲ್ಲಿ, ನೆಲ ಸ್ವಲ್ಪವೇ ಇಳಿಜಾರಿದ್ದರೆ, ಇಳಿಜಾರಿಗೆ ಅಡ್ಡವಾಗಿ ಎರಡು ಅಡಿ ಆಳದ ಇಂಗುಗುಂಡಿ ತೆಗೆಯಬಹುದು. ಗುಡ್ಡೆಯ ಕಡಿದಾದ ಬದಿಯಲ್ಲಿ, ಮನೆಯ ನೇರ ಮೇಲೆ ಖಂಡಿತ ಬೇಡ. 2024ರ ಜುಲೈ 30ಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜಾರಿ ಎಷ್ಟು ಜೀವ ಹೋಯಿತು, ನಾವೆಲ್ಲ ನೋಡಿದ್ದೇವೆ. ಅನುಮಾನ ಇದ್ದಲ್ಲಿ ಅಗೆಯದೆ ಬಿಡುವುದೇ ಒಳ್ಳೆಯದು.

ಮೇಲಿನ ಜಾಗ ಹೆಚ್ಚಾಗಿ ಬೇರೆಯವರದ್ದು. ಇಲ್ಲೇ ಕೆಲಸ ಕಷ್ಟ. ಗುಡ್ಡೆಯ ತಲೆಯಲ್ಲಿರುವ ಮನೆಗಳಿಗೆ ಸುರಂಗ ಇಲ್ಲ, ಬಾವಿಯೂ ಬೇಗ ಬತ್ತುತ್ತದೆ. ಅವರಿಗೆ ಒಂದು ಪೈಪ್ ನೀರು ಕೊಡದೆ, ಕಲ್ಲಿನ ಕೋರೆಗೆ ಜಾಗ ಕೊಡಬೇಡಿ ಅಂತ ಮಾತ್ರ ಹೇಳಿದರೆ ಅದು ನ್ಯಾಯ ಅಲ್ಲ. ಕೆಳಗಿನ ತೋಟದವರು ದುಡ್ಡು ಹಾಕಿ ಪಂಪ್, ಟ್ಯಾಂಕಿ ಮಾಡಿ ನೀರು ಮೇಲೆ ಏರಿಸಿ ಕೊಡಿ. ಗುಡ್ಡೆಯಲ್ಲಿ ಗೇರು ಮರ ಇದ್ದರೆ ಕಡಿಯದೆ ಹಾಗೇ ಇರಲಿ ಅಂತ ಆಮೇಲೆ ಅವರ ಹತ್ತಿರ ಮಾತಾಡಿ.

ಸುರಂಗ ಶುಚಿ ಮಾಡುವುದು ಮಳೆಗಾಲಕ್ಕೆ ಮೊದಲು. ಬೇರು, ಕುಸಿದ ಮಣ್ಣು ತೆಗೆದರೆ ಎಷ್ಟೋ ಕಡೆ ನೀರು ಹೆಚ್ಚುತ್ತದೆ. ಉರಿಯುವ ಮೇಣದಬತ್ತಿ ಹಿಡಿದು ಹೋಗಿ, ಬತ್ತಿ ಮಂಕಾದರೆ ಕೂಡಲೇ ಹೊರಗೆ ಬನ್ನಿ. ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು. ಅವರನ್ನು ನೋಡಿ ನೀವೂ ಒಬ್ಬರೇ ಒಳಗೆ ಹೋಗಬೇಡಿ! ಊರಿನಲ್ಲಿ ಸುರಂಗ ಕೊರೆದು ಅಭ್ಯಾಸ ಇರುವ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕರೆಯಿರಿ, ಸರಿಯಾದ ಸಂಬಳ ಕೊಡಿ, ಜೊತೆಗೆ ಇಬ್ಬರು ಹುಡುಗರನ್ನು ಕಳಿಸಿ. ಎಲ್ಲಿ ಮಣ್ಣು ಕುಸಿಯುತ್ತದೆ ಅಂತ ಪಿಕ್ಕಾಸಿನ ಸದ್ದಿನಲ್ಲೇ ಹೇಳುತ್ತಾರೆ ಅವರು. ಅದನ್ನು ಕಲಿಯಲು ಜೊತೆಗೇ ನಿಲ್ಲಬೇಕು.

ಇನ್ನು ಕಟ್ಟ, ಅಂದರೆ ತೋಡಿಗೆ (ಸಣ್ಣ ಹಳ್ಳ) ಅಡ್ಡವಾಗಿ ಬೇಸಗೆಗೆ ಮಾತ್ರ ಕಟ್ಟುವ ಒಡ್ಡು. ಏತಡ್ಕದವರು ಒಂದೇ ತೋಡಿಗೆ ಸಾಲಾಗಿ ಕಟ್ಟ ಕಟ್ಟುತ್ತಾರೆ, ಒಮ್ಮೆ ಹೋಗಿ ನೋಡಿ ಬನ್ನಿ. ಒಬ್ಬರೇ ಕಟ್ಟಿದರೆ ನೀರು ಜಾಸ್ತಿ ದಿನ ನಿಲ್ಲುವುದಿಲ್ಲ, ಮೇಲೆ ಕೆಳಗೆ ನಾಲ್ಕೈದು ಇದ್ದರೆ ಅಕ್ಕಪಕ್ಕದ ಬಾವಿಗಳೂ ಏರುತ್ತವೆ. ತೋಡಿನ ಹರಿವು ಇಳಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಕಲ್ಲು, ಮಣ್ಣು, ಅಡಕೆ ಮರ, ಒಂದು ಪ್ಲಾಸ್ಟಿಕ್ ಶೀಟ್ ಸಾಕು. ಮಳೆ ಶುರುವಾಗುವ ಮೊದಲು ಶೀಟ್ ತೆಗೆದು ಒಣಗಿಸಿಡಿ, ತೋಡಿನಲ್ಲಿ ಬಿಡಬೇಡಿ. ಕಟ್ಟದ ದಿನ ಊಟ ಯಾರ ಮನೆಯಲ್ಲಿ ಅಂತ ನವೆಂಬರಿನಲ್ಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಜನ ಸೇರುವುದಿಲ್ಲ.