ಕನಸು ನಿಜವಾಗುತ್ತಾ? ಬರೆದಿಟ್ಟು ನೋಡಿ

ಮುಂದಾಗುವುದು ಕನಸಲ್ಲಿ ಕಾಣುತ್ತೆ ಅನ್ನುವವರು ನಿಮ್ಮ ಮನೆಯಲ್ಲೂ ಇರಬಹುದು. ನಮ್ಮಲ್ಲಿ ಚಿಕ್ಕಮ್ಮ. ಸುಮ್ನೆ ವಾದಕ್ಕೆ ಇಳಿಯಬೇಡಿ, ಒಂದು ನೋಟ್‌ಬುಕ್ ತಂದುಕೊಡಿ.

ಎದ್ದ ಕೂಡಲೇ, ಕಾಫಿಗೂ ಮೊದಲು ಬರೆಯಬೇಕು. ತಡವಾದರೆ ಕನಸು ಮರೆತುಹೋಗುತ್ತೆ. ಅದಕ್ಕಿಂತ ಜಾಸ್ತಿ ತೊಂದರೆ ಅಂದರೆ, ಸುದ್ದಿ ಬಂದ ಮೇಲೆ ನೆನಪು ಅದಕ್ಕೆ ತಕ್ಕಂತೆ ಬದಲಾಗಿಬಿಡುತ್ತೆ. ತಾರೀಕು ಹಾಕಿಸಿ, ಪುಟದ ಫೋಟೊ ತೆಗೆದು ಇನ್ನೊಬ್ಬರಿಗೆ ವಾಟ್ಸಾಪ್ ಮಾಡಿ. ಆಮೇಲೆ ತಿದ್ದೋಕಾಗಲ್ಲ.

ಹೇಗೆ ಬರೆಯುತ್ತಾರೆ ಅನ್ನೋದೇ ಮುಖ್ಯ. ಚಿಕ್ಕಮ್ಮ ಮೊದಲು ಬರೆದದ್ದು: ‘ಹಲ್ಲು ಉದುರಿತು. ಯಾರಿಗೋ ಕೆಟ್ಟದ್ದಾಗುತ್ತೆ.’ ಇದು ನಡೆಯಲ್ಲ. ಯಾರಿಗೆ? ಏನು? ಎಷ್ಟು ದಿನದೊಳಗೆ? ನಮ್ಮಷ್ಟು ನೆಂಟರಿರುವ ಮನೆಯಲ್ಲಿ ತಿಂಗಳೊಳಗೆ ಯಾರಿಗಾದರೂ ಏನಾದರೂ ಆಗೇ ಆಗುತ್ತೆ, ಅಲ್ವಾ? ‘ಹದಿನೈದು ದಿನದೊಳಗೆ ಧಾರವಾಡದ ಅತ್ತೆ ಮನೆಯಿಂದ ಸಾವಿನ ಸುದ್ದಿ’ ಅಂತ ಬರೀರಿ ಅಂದೆ. “ಬಿಡ್ತು ಅನ್ನು!” ಅಂತ ಬೈದರು. ನೀವೂ ಬೈಸಿಕೊಳ್ಳಿ, ಆದರೆ ಬರೆಸಿ.

ಮೈಲಾರದ ಕಾರ್ಣಿಕಕ್ಕೆ, ಅಂದರೆ ಅಲ್ಲಿ ನುಡಿಯುವ ಭವಿಷ್ಯವಾಣಿಗೆ, ಮಾತ್ರ ಈ ಅಳತೆ ಹಿಡಿಯಬೇಡಿ. ಹೂವಿನಹಡಗಲಿ ತಾಲ್ಲೂಕಿನ ಆ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ “ಸದ್ದಲೇ” ಅಂದರೆ ಇಡೀ ಮರಡಿ ಗಪ್‌ಚುಪ್. ಒಂದೇ ಸಾಲು ನುಡಿದು ಮೇಲಿಂದ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲನ್ನು ರೈತರು ಮಳೆಗೆ ಹೊಂದಿಸುತ್ತಾರೆ, ರಾಜಕಾರಣಿಗಳು ಕುರ್ಚಿಗೆ. ಕೇಳೋಕೆ ಚೆಂದ. ಆದರೆ ಅದು ಸುಳ್ಳಾಗೋಕೆ ದಾರಿಯೇ ಇಲ್ಲ.

ಗಡುವು ಮುಗಿದ ಪುಟಕ್ಕೆ ಸರಿ ಅಥವಾ ತಪ್ಪು ಅಂತ ಗುರುತು ಹಾಕಿ. ‘ಅರ್ಧ ಸರಿ’ ಅನ್ನೋದು ಬೇಡ. ತಪ್ಪಾದ ಪುಟ ಹರಿಯೋಕೆ ಬಿಡಬೇಡಿ. ನಾವೆಲ್ಲ ಮರೆಯೋದು ಅವನ್ನೇ. 1966ರಲ್ಲಿ ವೇಲ್ಸ್‌ನ ಅಬರ್‌ಫಾನ್‌ನಲ್ಲಿ ಗಣಿಯ ಮಣ್ಣುಗುಡ್ಡ ಶಾಲೆಯ ಮೇಲೆ ಕುಸಿದು 116 ಮಕ್ಕಳು, 28 ದೊಡ್ಡವರು ಸತ್ತರು. ಮೊದಲೇ ಕನಸು ಬಿದ್ದಿತ್ತು ಅಂತ ಆಮೇಲೆ ಹಲವರು ಹೇಳಿದರು. ಹಾಗಾದರೆ ಮೊದಲೇ ಬರೆದು ಕಳಿಸಿ ಅಂತ ಮನೋವೈದ್ಯ ಜಾನ್ ಬಾರ್ಕರ್ 1967ರಲ್ಲಿ ಲಂಡನ್ನಿನ ಪತ್ರಿಕೆಯೊಂದರ ಜೊತೆ ಸೇರಿ ಕೇಳಿದರು. ಕಾಗದಗಳು ನೂರಾರು ಬಂದವು. ಬಹುಪಾಲು ನಿಜವಾಗಲಿಲ್ಲ.

ಅಷ್ಟು ದಿನ ಕಾಯೋಕಾಗಲ್ವಾ? ಇಸ್ಪೀಟು ಕಟ್ಟಿನಿಂದ ಜೋಕರ್ ತೆಗೆಯಿರಿ. ಕಲೆಸುವ ಮೊದಲೇ, ಒಂದನೇ ಎಲೆಯಿಂದ 52ನೇ ಎಲೆವರೆಗೆ ಕೆಂಪು ಬರುತ್ತೋ ಕಪ್ಪು ಬರುತ್ತೋ ಅಂತ ನೋಟ್‌ಬುಕ್‌ನಲ್ಲಿ ಬರೆಸಿ, ಆಮೇಲೆ ಕಲೆಸಿ ಒಂದೊಂದಾಗಿ ತೆರೆಯಿರಿ. ಸುಮ್ನೆ ಊಹಿಸಿದರೂ 26ರ ಆಸುಪಾಸು ಸರಿ ಬರುತ್ತೆ, 30 ಬಂದರೆ ಹಿಗ್ಗಬೇಡಿ. ಪ್ರತಿ ಸಲ 35 ದಾಟಿದರೆ ನನಗೆ ಹೇಳಿ. ಎಲೆ ಕಲೆಸಿದ್ದು ಯಾರು ಅಂತ ಮೊದಲು ಕೇಳುತ್ತೇನೆ.