ಪರ್ಕಳದ ಸೆಕೆಯಲ್ಲಿ ಕ್ಯಾಮೆಲಿಯಾ

ನನ್ನ ಮೊದಲ ಕ್ಯಾಮೆಲಿಯಾ ಹೂಗಿಡ ಸತ್ತದ್ದು ಆಟಿ ತಿಂಗಳಲ್ಲಿ, ಜೋರು ಮಳೆಯ ಕಾಲದಲ್ಲಿ. ಮಡಿಕೇರಿಯಿಂದ ತಂದ ಕೆಂಪು ಹೂವಿನದು, ಜಪೋನಿಕಾ ಎಂಬ ಜಾತಿ. ಉಡುಪಿ ಹತ್ತಿರದ ಪರ್ಕಳದ ನಮ್ಮ ಅಂಗಳದ ಬದಿಯಲ್ಲಿ ಮುರಕಲ್ಲು ಕಡಿಸಿ, ತೆಂಗಿನ ಸಸಿಗೆ ಮಾಡುವ ಹಾಗೆ ಎರಡಡಿ ಗುಂಡಿ ತೋಡಿ ನೆಟ್ಟಿದ್ದೆ. ಮಳೆ ಹಿಡಿದ ಮೇಲೆ ಗುಂಡಿ ಬಾವಿಯಾಯಿತು. ಸುತ್ತ ಕಲ್ಲು, ನೀರು ಹೋಗಲಿಕ್ಕೆ ದಾರಿಯಿಲ್ಲ. ಎಲೆ ಬಾಡಿತೆಂದು ಕಿತ್ತು ನೋಡಿದರೆ ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ಕೈಗೆ ಬಂತು, ಒಳಗೆ ದಾರದಂಥ ನಾರು ಮಾತ್ರ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ದಾಯಾದಿಯೊಂದು ಈ ಗಿಡದ ಬೇರಿಗೂ ಬರುತ್ತದೆ. ನನ್ನದಕ್ಕೆ ಅದು ತಗುಲಿತೋ, ನೀರಲ್ಲೇ ಉಸಿರುಕಟ್ಟಿತೋ, ಗುಂಡಿ ತೋಡಿಸಿದವಳು ನಾನೇ.

ಎರಡನೆಯದು ಸಸಾಂಕ್ವಾ, ಕ್ಯಾಮೆಲಿಯಾದ ಇನ್ನೊಂದು ಜಾತಿ. ಬಿಸಿಲು, ಸೆಕೆ ತಡೆಯುವುದರಲ್ಲಿ ಇದು ಜಪೋನಿಕಾಗಿಂತ ಗಟ್ಟಿ. ಈ ಸಲ ದೊಡ್ಡ ಕುಂಡ. ಕೆಂಪು ಮಣ್ಣು ಒಂದು ಪಾಲು, ಹಲಸಿನ ಬುಡದಲ್ಲಿ ಕೊಳೆತ ತರಗೆಲೆ ಎರಡು ಪಾಲು, ತೊಳೆದ ತೆಂಗಿನ ನಾರಿನ ಹುಡಿ ಒಂದು ಪಾಲು. ಗಿಡದ ಕುತ್ತಿಗೆ ಮಣ್ಣಿಗಿಂತ ಒಂದು ಬೆರಳು ಮೇಲೆಯೇ ಇರಬೇಕು. ಕುಂಡವನ್ನು ಮೂರು ಕಲ್ಲಿನ ಮೇಲೆ ಕೂರಿಸಿ, ಬೆಳಗ್ಗೆ ಒಂಬತ್ತರವರೆಗೆ ಮಾತ್ರ ಬಿಸಿಲು ಬೀಳುವ ಹಲಸಿನ ಮರದ ಪೂರ್ವಕ್ಕೆ ಇಟ್ಟೆ. ನಮ್ಮ ಹುಳಿ ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಚಹಾ ಗಿಡದ ಸ್ವಂತ ಕುಲವಲ್ಲವೇ? 1753ರಲ್ಲಿ ಲಿನೇಯಸ್ ಎರಡನ್ನೂ ಬೇರೆ ಬೇರೆ ಕುಲಕ್ಕೆ ಹಾಕಿದ್ದ, ಆಮೇಲಿನವರು ಒಂದು ಮಾಡಿದರು.

ಇಷ್ಟೆಲ್ಲ ಆದ ಮೇಲೆ ಎಲೆ ಹಳದಿಯಾಗತೊಡಗಿತು. ನರ ಮಾತ್ರ ಹಸಿರು. ಹುಡುಕಿದರೆ ಬುಡದಲ್ಲಿ ಬಿಳಿ ಪುಡಿ. ಬಚ್ಚಲೊಲೆಯ ಬೂದಿ! ನಮ್ಮತ್ತೆ ಮಲ್ಲಿಗೆಯಿಂದ ಹರಿವೆಯವರೆಗೆ ಎಲ್ಲಕ್ಕೂ ಬೂದಿ ಹಾಕುವವರು, ಇದನ್ನೂ ಬಿಟ್ಟಿರಲಿಲ್ಲ. ಬೂದಿ ಕ್ಷಾರ. ಮಣ್ಣಿನ ಹುಳಿ ಕಡಿಮೆಯಾದರೆ ಕಬ್ಬಿಣ ಇದ್ದರೂ ಬೇರಿಗೆ ಎಟುಕುವುದಿಲ್ಲ. ಮೇಲ್ಮಣ್ಣು ಕೆರೆದು ತೆಗೆದು ಹೊಸ ತರಗೆಲೆ ತುಂಬಿಸಿದೆ, ಲೀಟರಿಗೆ 2 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ ಎಲೆಗೆ ಸಿಂಪಡಿಸಿದೆ. ಹಳೆಯ ಎಲೆ ಹಳದಿಯಾಗಿಯೇ ಉಳಿದವು, ಚಿಗುರು ಮಾತ್ರ ಹಸಿರಾಗಿ ಬಂತು.

ಕಷ್ಟ ಇರುವುದು ಮೊಗ್ಗಿನಲ್ಲಿ. ಎಲೆಯ ಮೊಗ್ಗು ಚೂಪು, ಹೂವಿನದು ಕಾಳುಮೆಣಸಿಗಿಂತ ಸ್ವಲ್ಪ ದಪ್ಪ, ಗುಂಡಗೆ. ಮೊಗ್ಗು ಕಟ್ಟಲಿಕ್ಕೆ ಸೆಕೆ ಬೇಕು, ಅದು ನಮ್ಮಲ್ಲಿ ಧಾರಾಳ. ಅರಳಲಿಕ್ಕೆ ತಂಪು ಬೇಕು, ಅದಕ್ಕೇ ಬರ. ಮೊದಲ ವರ್ಷ ಇಪ್ಪತ್ತು ಮೊಗ್ಗೂ ಒಂದೊಂದಾಗಿ ನೆಲಕ್ಕೆ. ಅತ್ತೆ ಕಸ ಗುಡಿಸುತ್ತಾ, "ಇದೆಂತ ಮಾರಾಯ್ತಿ, ಎಲೆ ನೋಡ್ಲಿಕ್ಕಾ ಇಷ್ಟೆಲ್ಲ?" ಎಂದರು. ನಿಜ ಹೇಳಬೇಕೆಂದರೆ ಆ ಎಲೆಯೇ ನನಗೆ ಸಾಕಿತ್ತು. ವರ್ಷವಿಡೀ ಎಣ್ಣೆ ಒರೆಸಿದ ಹಾಗೆ ಹೊಳೆಯುತ್ತದೆ. ಆದರೆ ಹಾಗಂತ ಅವರ ಎದುರು ಹೇಳುವುದುಂಟೇ?

ತಪ್ಪು ನವೆಂಬರಿನಲ್ಲಿ ಆಗಿತ್ತು. ಮಳೆ ನಿಂತ ಮೇಲೆ ಎರಡು ದಿನಕ್ಕೊಮ್ಮೆ ನೀರು ಕೊಡುತ್ತಿದ್ದೆ. ಮೊಗ್ಗು ಹೊತ್ತ ಗಿಡದ ಬುಡ ಒಮ್ಮೆ ಒಣಗಿದರೂ ಮೊಗ್ಗು ಉದುರಿಸುತ್ತದೆ. ಮರುವರ್ಷ ಬುಡಕ್ಕೆ ಅಡಿಕೆ ಸಿಪ್ಪೆ ಹೊದಿಸಿ, ಬೆಳಗ್ಗೆ ಬಾವಿ ನೀರು ಕೊಟ್ಟೆ. ಗೊಂಚಲಾಗಿ ಬಂದಲ್ಲಿ ಒಂದೊಂದೇ ಮೊಗ್ಗು ಉಳಿಸಿ ಉಳಿದದ್ದು ಚಿವುಟಿದೆ. ಸಂಜೆ ಅಂಗಳಕ್ಕೆ ನೀರು ಚಿಮುಕಿಸುವುದನ್ನೂ ರೂಢಿ ಮಾಡಿಕೊಂಡೆ. ಡಿಸೆಂಬರ್ ಕೊನೆಗೆ ಅರಳಿದವು ಹನ್ನೊಂದು. ತೆಳು ಗುಲಾಬಿ, ನಡುವೆ ಹಳದಿ ಕೇಸರ.

ಮಾಲೆ ಕಟ್ಟಲಿಕ್ಕೆ ಬರುವ ಹೂವಲ್ಲ, ಎಸಳು ಎಸಳಾಗಿ ಉದುರುತ್ತದೆ. ಉದುರಿದ ಎಸಳನ್ನು ಅತ್ತೆ ತಟ್ಟೆಗೆ ಹಾಕಿ ದೇವರ ಮುಂದಿಟ್ಟರು, ಏನೂ ಹೇಳಲಿಲ್ಲ. ಈ ಮಳೆಗಾಲ ಎಂಟು ಕಡ್ಡಿ ಮರಳಿಗೆ ಚುಚ್ಚಿದ್ದೆ, ಮೂರು ಬೇರು ಬಿಟ್ಟಿವೆ. ಒಂದು ಶಂಕರಪುರದಲ್ಲಿರುವ ಅತ್ತೆಯ ತಂಗಿಗಂತೆ, ಮಲ್ಲಿಗೆ ಬೆಳೆಯುವವರ ಮನೆಗೆ. ಬೂದಿ ಹಾಕಬಾರದೆಂದು ಹೇಳಿ ಕಳಿಸುವ ಕೆಲಸ ಅತ್ತೆಯದೇ.